ಬಾ ಅಂದರೆ

ನಮ್ಮ ಭಾಷೆಯಲ್ಲಿ ಬಾ ಅಂದರೆ ಅಪ್ಪ.
ಬಂಗಾರಪೇಟೆ ಸ್ಟೇಷನ್ನಿನಲ್ಲಿ ಬೋಗಿಯಿಂದ ಬೋಗಿಗೆ ಓಡುತ್ತ
ಬಾ, ಬಾ ಎಂದು ಕೂಗಿದೆ.
ಸೀಬೆಹಣ್ಣಿನ ಬುಟ್ಟಿಯವಳು ತಿರುಗಿ ನಿಂತು
ಬಂದೆ ಇರಮ್ಮ, ಏನಷ್ಟು ಅವಸರ, ಅಂದಳು.

ಗೋರಖಪುರದಿಂದ ಕೂತೇ ಬಂದವರು
ಇಳಿದಾಗ ಇಬ್ಬರೂ ಅರ್ಧ ಗೇಣು ಕುಗ್ಗಿದ್ದರು.

ಟಮಕದ ನಮ್ಮ ಗಲ್ಲಿಯಲ್ಲಿ ಮಕ್ಕಳ ಹಿಂಡು:
ಮಾಯಮ್ಮಾ, ಫಾರಿನ್ ಚಾಕ್ಲೇಟ್ ಎಲ್ಲಿ?
ಆಮಾ ಸೆರಗಿನ ಗಂಟು ಬಿಚ್ಚಿ ಒಬ್ಬೊಬ್ಬರಿಗೆ ಒಂದೊಂದು ಚುರ್ಪಿ ಕೊಟ್ಟಳು,
ಕಲ್ಲಿನಂಥ ಗಿಣ್ಣು. ಸಂಜೆಯವರೆಗೆ ಅಗಿದರು,
ಅಷ್ಟು ಹೊತ್ತು ಗಲ್ಲಿ ತೆಪ್ಪಗಿತ್ತು.

ಯಾರೇ ಅದು ಮಾಯಮ್ಮ? ಎಂದಳು.
ನಾನೇ. ದಿಲ್‌ಮಾಯಾದಲ್ಲಿ ಅರ್ಧವೇ ಸಾಕಾಯಿತು ಇಲ್ಲಿಯವರಿಗೆ.
ಉಳಿದರ್ಧ?
ಆಟೋದವನು ಚಿಲ್ಲರೆ ಕೊಡುತ್ತಿದ್ದ.
ಎಣಿಸಿಕೊಂಡೆ.

ತೋರಿಸಲು ಏನಿದೆ ಈ ಊರಲ್ಲಿ?
ಗಡಿಯಾರದ ಗೋಪುರ. ಚೇಳಮ್ಮನ ಗುಡಿ:
ಚೇಳು ಕಡಿದವರು ಮೊದಲು ಅವಳ ಹತ್ತಿರ,
ಆಮೇಲೆ ನನ್ನ ವಾರ್ಡಿಗೆ.
ಬೆಳಗಿನ ಐದಕ್ಕೆ ಟೊಮೇಟೊ ಮಂಡಿ.
ಕ್ರೇಟುಗಳ ಓಣಿಯಲ್ಲಿ ಬಾ ಟೋಪಿ ತೆಗೆದು ನಿಂತು
ಇಷ್ಟನ್ನೂ ತಿನ್ನೋರು ಯಾರು, ಎಂದು
ನಾಲ್ಕು ಜನರನ್ನು ನೇಪಾಳಿಯಲ್ಲೇ ಕೇಳಿದ.
ಒಬ್ಬ ರೇಟು ಹೇಳಿದ.

ಅಂತರಗಂಗೆಯ ಬೆಟ್ಟ ತೋರಿಸಿದರೆ ನಕ್ಕ.
ನಮ್ಮ ಕಡೆ ಇಷ್ಟಕ್ಕೆಲ್ಲ ಹೆಸರಿಡೋದಿಲ್ಲ, ಅಂದ.
ಅರ್ಧ ಮೆಟ್ಟಿಲಿಗೆ
ಆ ಹೆಸರಿಡದ್ದರ ಮೇಲೇ ಕುಸಿದು ಕೂತ.
ಎಲ್ಲಿ ನೋವು?
ಕೇಳಿದ್ದೆ, ಕನ್ನಡದಲ್ಲಿ.
ಹನ್ನೊಂದು ವರ್ಷದಿಂದ ದಿನಕ್ಕೆ ನೂರು ಸಲ
ಅದನ್ನೇ ಕೇಳಿ ಪಳಗಿದ ಬಾಯಿ.
ಅವನು ಮೊಣಕಾಲು ತೋರಿಸಿದ.
ಈ ಊರಲ್ಲಿ ಎಷ್ಟು ಜನರ ಕಾಲು ಒತ್ತಿ ನೋಡಿಲ್ಲ ನಾನು,
ಉಪ್ಪಿನ ಮೂಟೆ ಹೊತ್ತು ನನ್ನನ್ನು ಕಾಲೇಜಿಗೆ ಸೇರಿಸಿದ
ಈ ಕಾಲನ್ನು ಮುಟ್ಟಿದ್ದು ಅವತ್ತೇ ಮೊದಲು.
ಒಳಗೆ ಮರಳು ಮಸೆದ ಹಾಗೆ ಸದ್ದು.
ಕೋತಿಯೊಂದು ಬಂದು ಟೋಪಿಯನ್ನೇ ನೋಡುತ್ತಿತ್ತು.

ಮೇಲೆ ಬಸವನ ಬಾಯಿಯ ನೀರಿಗೆ ಬೊಗಸೆ ಒಡ್ಡಿ
ಹಿಮ ಇಲ್ಲವಲ್ಲೇ, ಎಲ್ಲಿಂದ ಬರುತ್ತೆ? ಎಂದಳು ಆಮಾ.
ಯಾರಿಗೂ ಗೊತ್ತಿಲ್ಲವಂತೆ.
ಗೊತ್ತಿಲ್ಲದೆ ಕುಡೀತಾರಾ! ಎಂದು ಬೈದು
ಕುಡಿದಳು.

ರಾತ್ರಿ ಓನರಮ್ಮನ ಮನೆಯಲ್ಲಿ ಊಟ.
ಪ್ರೀತಿಗೆ ಕನ್ನಡ, ಸಿಟ್ಟಿಗೆ ತೆಲುಗು, ಅವಳ ಲೆಕ್ಕ.
ಮುದ್ದೆ, ಹುರುಳಿ ಬಸ್ಸಾರು.
ಅಗೀಬಾರದು, ನುಂಗಬೇಕು ಅಂತ ಹೇಳಮ್ಮ ನಿಮ್ಮಪ್ಪನಿಗೆ.
ನಾನು ಬಾಯಿ ತೆರೆಯುವುದರೊಳಗೆ
ಬಾನ ಗಂಟಲಲ್ಲಿ ಮೊದಲ ತುತ್ತು ಇಳಿದಾಗಿತ್ತು.
ಕೋದೊ, ಅಂದ.
ನೆಂಟರು ಬಂದರೆ ನಮ್ಮ ಮನೆಯಲ್ಲಿ
ಇದರ ಮಡಕೆಯನ್ನು ಮಂಚದಡಿ ತಳ್ಳುತ್ತಿದ್ದೆವು.
ಇದನ್ನ ತಿನ್ನಬಾರದು ಅಂತಲೇ ಅಲ್ವೇನೇ
ನಿನ್ನನ್ನ ಓದಿಸಿದ್ದು?
ಏನಂದ್ರು? ಎಂದಳು ಓನರಮ್ಮ.
ಚೆನ್ನಾಗಿದೆಯಂತೆ, ಅಂದೆ.
ಪೂರ್ತಿ ಸುಳ್ಳಲ್ಲ.
ಇನ್ನೊಂದು ಮುದ್ದೆಗೆ ತಟ್ಟೆ ಒಡ್ಡಿದ್ದ.

ನಮ್ಮಲ್ಲಿ ಹೊರಡುವಾಗ, ಕಾಲು ಇನ್ನೂ ಹೊಸಿಲಲ್ಲಿರುವಾಗಲೇ
'ಹೋದೆ' ಎನ್ನುತ್ತೇವೆ.
ಶಿವಶಿವಾ, ಹಾಗನ್ನಬಾರದು ಎಂದು ಓನರಮ್ಮ
ಹತ್ತು ಸಲ ಹೇಳಿಸಿ ಆಮಾಳಿಗೆ ಒಂದೇ ಮಾತು ಕಲಿಸಿದಳು:
ಬರ್ತೀನಿ.
ಅರ್ಥ ಕೇಳಲಿಲ್ಲ ಆಮಾ.
ಬೀದಿ ನಲ್ಲಿಗೆ ಬರ್ತೀನಿ, ಎದುರುಮನೆ ಹುಂಜಕ್ಕೆ ಬರ್ತೀನಿ,
ಚುರ್ಪಿ ತಿಂದ ಅಷ್ಟೂ ಮಕ್ಕಳಿಗೆ.
ನನಗೆ ಮಾತ್ರ ನಮ್ಮ ಮಾತಲ್ಲೇ ಅಂದಳು.

ರೈಲು ಅಲುಗಿತು.
ಕಿಟಕಿ ಸರಳಿನಾಚೆ ಟೋಪಿ ಸರಿಯಿತು.
ಬಾ, ಅಂದೆ.
ಗಟ್ಟಿಯಾಗಿಯೇ ಅಂದಿರಬೇಕು.
ಬರ್ತಾರೆ ಬಿಡಕ್ಕ, ಅಂದ ಟೀ ಹುಡುಗ.
ಹಾಗಲ್ಲ ಕಣೋ ಅದರ ಅರ್ಥ, ಅಂತ ತಿದ್ದಹೋಗಿ
ತಿದ್ದಲಿಲ್ಲ.
ಟೀ ಕೊಡು ಅಂದೆ.
ಬಾಯ್ತಪ್ಪಿ ಮೂರು ಅಂದಿದ್ದೆ.